ಲಾಲಾರಸದಲ್ಲಿ ಬಾಯಿ ಕ್ಯಾನ್ಸರಿನ ಸುಳಿವು



ಮಗ್ಗದ ಮುಂದೆ ಕುಳಿತವರಿಗೂ ಕಬ್ಬು ಕಡಿಯಲು ಹೊರಟವರಿಗೂ ಕೆನ್ನೆಯೊಳಗಿನ ತಂಬಾಕು ದಣಿವು ಮರೆಸುವ ಸಂಗಾತಿ. ಹುಣ್ಣು ಹುಟ್ಟುವುದು ಹೆಚ್ಚಾಗಿ ಅದು ಕುಳಿತ ಜಾಗದಲ್ಲಿಯೇ. ಮೊದಮೊದಲು ನೋವಿಲ್ಲವಾದ್ದರಿಂದ ಯಾರೂ ಲೆಕ್ಕಿಸುವುದಿಲ್ಲ. ತಡವಾದರೆ ದವಡೆಯ ಭಾಗವನ್ನೇ ತೆಗೆಯಬೇಕಾಗಬಹುದು. ತಂಬಾಕಿಲ್ಲದ ಬರಿಯ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರ ವರದಿಯಲ್ಲಿ ಸಾರಿದೆ.

ಒಲೆಯ ಬೂದಿಯನ್ನು ನೋಡಿ ಉರಿದದ್ದು ಸೌದೆಯೋ ಕುಳ್ಳೋ ಎಂದು ಮನೆಯವರು ಹೇಳಬಲ್ಲರು. ಜೀವಕೋಶಗಳದ್ದೂ ಅದೇ ಬಗೆ. ಅವು ಸಕ್ಕರೆಯನ್ನೂ ಅಮೈನೋ ಆಮ್ಲಗಳನ್ನೂ ಬಳಸುವಾಗ ಉಂಟಾಗುವ ಸಣ್ಣ ಅಣುಗಳೇ ಮೆಟಬೊಲೈಟ್‌ಗಳು. ಕ್ಯಾನ್ಸರ್ ಕೋಶಗಳು ಸಕ್ಕರೆಯನ್ನು ಮಿತಿಮೀರಿ ಬಳಸಿ ಲ್ಯಾಕ್ಟೇಟನ್ನು ಹೆಚ್ಚಿಸುತ್ತವೆ. ಬೆಳವಣಿಗೆಗೆ ಬೇಕಾದ ಪಾಲಿಅಮೈನ್‌ಗಳ ಪ್ರಮಾಣವೂ ಏರುತ್ತದೆ. ಇಂಥ ವ್ಯತ್ಯಾಸಗಳ ಕುರುಹು ಜೊಲ್ಲಿನಲ್ಲಿಯೂ ಸಿಗುತ್ತದೆ. ಜಪಾನಿನ ಕೇಯೋ ವಿಶ್ವವಿದ್ಯಾಲಯದ ಮಸಾಹಿರೊ ಸುಗಿಮೊಟೊ ಮತ್ತು ಸಂಗಡಿಗರು 2010ರಲ್ಲಿ 215 ಜನರ ಲಾಲಾರಸವನ್ನು ಪರೀಕ್ಷಿಸಿ, ಬಾಯಿ, ಸ್ತನ ಹಾಗೂ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ಗಳನ್ನು ಗುರುತಿಸಲು ನೆರವಾಗುವ 57 ಮೆಟಬೊಲೈಟ್‌ಗಳನ್ನು ಪ್ರಕಟಿಸಿದರು. ಸೂಜಿ ಬೇಡ, ಕತ್ತರಿ ಬೇಡ. ಹೆದರಿ ದೂರ ಸರಿಯುವವರಿಗೆ ಇದಕ್ಕಿಂತ ಸುಲಭದ ಪರೀಕ್ಷೆ ಇನ್ನೊಂದಿಲ್ಲ.

ಆದರೆ ಜೊಲ್ಲು ಚಂಚಲ ವಸ್ತು. ಊಟ, ಹಲ್ಲುಜ್ಜುವಿಕೆ, ಒಸಡಿನ ರೋಗ ಎಲ್ಲವೂ ಅದನ್ನು ಬದಲಿಸುತ್ತವೆ. ತಂಬಾಕು ಜಗಿಯುವವರ ಜೊಲ್ಲು ರೋಗವಿಲ್ಲದಿದ್ದರೂ ಬೇರೆಯೇ ಆಗಿರಬಹುದು. ಆದ್ದರಿಂದ ಈ ಭಾಗದಲ್ಲಿ ಇಂಥ ಅಧ್ಯಯನ ನಡೆದರೆ ರೋಗಿಯನ್ನು ಚಟವಿಲ್ಲದವರೊಡನೆ ಹೋಲಿಸಿದರೆ ಸಾಲದು, ಚಟವಿದ್ದೂ ರೋಗವಿಲ್ಲದವರೊಡನೆ ಹೋಲಿಸಬೇಕು. ಮಾದರಿಯನ್ನು ಶೈತ್ಯದಲ್ಲಿರಿಸಿ ದುಬಾರಿ ಯಂತ್ರವಿರುವ ಪ್ರಯೋಗಾಲಯಕ್ಕೆ ಒಯ್ಯುವ ಕಷ್ಟವೂ ಉಂಟು. ಉಪಕೇಂದ್ರದಲ್ಲಿ ಮಾಡಬಹುದಾದ ಪರೀಕ್ಷೆ ಇದಾಗಿಲ್ಲ.

ಅದಕ್ಕಾಗಿ ಕಾಯುವ ಅಗತ್ಯವಿಲ್ಲ. ತಿರುವನಂತಪುರದಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಬೆಳಕು ಹಿಡಿದು ಬಾಯಿ ನೋಡಿದ್ದಷ್ಟರಿಂದಲೇ, ತಂಬಾಕು ಅಥವಾ ಮದ್ಯದ ಚಟವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಮೂರನೇ ಒಂದು ಭಾಗದಷ್ಟು ತಗ್ಗಿತೆಂದು 2005ರಲ್ಲಿ ವರದಿಯಾಯಿತು. ರಾಷ್ಟ್ರೀಯ ಕಾರ್ಯಕ್ರಮದಡಿ 30 ವರ್ಷ ದಾಟಿದವರಿಗೆ ಇದೇ ತಪಾಸಣೆಯ ಅವಕಾಶವಿದೆ. ಎರಡು ವಾರಕ್ಕೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಮೂರು ಬೆರಳು ಹಿಡಿಸದಷ್ಟು ಕಿರಿದಾದ ಬಾಯಿ ಕಂಡುಬಂದವರನ್ನು ಆಶಾ ಕಾರ್ಯಕರ್ತೆಯರು ಅದೇ ವಾರ ತಾಲೂಕು ಆಸ್ಪತ್ರೆಯ ದಂತ ವೈದ್ಯರಲ್ಲಿಗೆ ಕಳುಹಿಸತಕ್ಕದ್ದು; ಹೋಗಿ ಬಂದರೋ ಇಲ್ಲವೋ ಎಂಬುದನ್ನು ಮನೆಗೆ ಹೋಗಿ ವಿಚಾರಿಸತಕ್ಕದ್ದು.