ಬರೆದ ಸ್ವರ, ನುಡಿಸುವ ಕೈ

(ಹೊಳಲ್ಕೆರೆ ತಾಲ್ಲೂಕಿನ ತಾಳ್ಯದಲ್ಲಿ ಸಂಗೀತಾಸಕ್ತರ ಮುಂದೆ ಮಾಡಿದ ಉಪನ್ಯಾಸದ ಬರಹರೂಪ)



ತಾಳ್ಯಕ್ಕೂ ಪಿಯಾನೊಗೂ ಎತ್ತಣ ಸಂಬಂಧ ಎಂದು ನಿಮ್ಮಲ್ಲಿ ಕೆಲವರಿಗೆ ನಗು ಬಂದಿರಬಹುದು. ಆದ್ದರಿಂದ ನಮಗೆ ಗೊತ್ತಿರುವ ಕಡೆಯಿಂದಲೇ ಆರಂಭಿಸುತ್ತೇನೆ. ಶಿಶುನಾಳ ಷರೀಫರ ತತ್ವಪದಗಳನ್ನು ಭಜನೆ ಮೇಳದವರು ಹಾರ್ಮೋನಿಯಂ, ತಾಳಗಳೊಡನೆ ಹಾಡುತ್ತಾರೆ. 1990ರಲ್ಲಿ ತೆರೆಕಂಡ ಷರೀಫರ ಕುರಿತ ಚಿತ್ರದಲ್ಲಿ ಸಿ. ಅಶ್ವತ್ಥ್ ಅವರ ಸಂಗೀತದಲ್ಲಿ ಅಂಥವೇ ಪದಗಳಿವೆ. ಪದ ಅದೇ, ಆದರೆ ಕೇಳಿದವರ ಎದೆಯಲ್ಲಿ ಉಳಿಯುವುದು ಬೇರೆ ಬೇರೆ. ಇವೆರಡರಲ್ಲಿ ಸರಿಯಾದದ್ದು ಯಾವುದು?

ನಮ್ಮಲ್ಲಿ ಧಾಟಿಯೇ ಬದಲಾಗಬಹುದು. ಪಾಶ್ಚಾತ್ಯ ಸಂಗೀತದಲ್ಲಿ ಹಾಗಿಲ್ಲ. ಯಾವ ಸ್ವರ, ಎಷ್ಟು ಹೊತ್ತು, ಮೆಲ್ಲಗೋ ಜೋರಾಗಿಯೋ ಎಂಬುದೆಲ್ಲ ಕಾಗದದ ಮೇಲೆ ಬರೆದಿರುತ್ತದೆ. ಹಾಗಾದರೆ ವಾದಕನಿಗೆ ಉಳಿಯುವುದೇನು? ಬಹಳಷ್ಟು ಉಳಿಯುತ್ತದೆ. ಹಾರ್ಮೋನಿಯಂನಲ್ಲಿ ಸದ್ದಿನ ಬಲ ಬರುವುದು ತಿದಿಯ ಗಾಳಿಯಿಂದ. ಪಿಯಾನೊದಲ್ಲಿ ಪುಟ್ಟ ಸುತ್ತಿಗೆಯೊಂದು ತಂತಿಗೆ ಬಡಿಯುತ್ತದೆ. ಬೆರಳಿನ ಬಿರುಸಿಗೆ ತಕ್ಕಂತೆ ಸದ್ದು ಏರಿಳಿಯುತ್ತದೆ. ಕಾಲಿನ ಪೆಡಲ್ ಒತ್ತಿದರೆ ಬೆರಳೆತ್ತಿದ ಮೇಲೂ ಸ್ವರ ಗುಂಯ್‌ಗುಡುತ್ತಿರುತ್ತದೆ. ಲಯವನ್ನು ಒಂದು ಕಡೆ ತುಸು ಎಳೆದು ಮತ್ತೊಂದು ಕಡೆ ಸರಿದೂಗಿಸುವುದೂ ವಾದಕನ ವಿವೇಚನೆಗೆ ಬಿಟ್ಟದ್ದು.

ಉದಾಹರಣೆಗೆ ಪೋಲೆಂಡಿನ ಶೊಪಾನ್ 1839ರಲ್ಲಿ ಪೂರ್ಣಗೊಳಿಸಿದ ಎರಡನೇ ಪಿಯಾನೊ ಸೊನಾಟಾ. ಅದರೊಳಗೊಂದು ಶವಯಾತ್ರೆಯ ನಡೆ ಇದೆ. ಮಧ್ಯೆ ಒಂದು ಶಾಂತವಾದ ರಾಗ; ಅದು ಮುಗಿದ ಮೇಲೆ ಅದೇ ನಡೆ ಮೊದಲಿನಂತೆ ಮೆಲ್ಲಗೆ ಮರಳಬೇಕೆಂಬುದು ಶೊಪಾನ್ ಬರೆದ ಕ್ರಮ. 1930ರಲ್ಲಿ ರಷ್ಯದ ರಹ್ಮಾನಿನೊವ್ ಇದನ್ನು ಧ್ವನಿಮುದ್ರಿಸಿಕೊಂಡಾಗ ಬರಹ ಮೀರಿದರು. ಮರಳುವ ನಡೆಯನ್ನು ಸಿಡಿಲಿನಂತೆ ಆರಂಭಿಸಿ ಬರಬರುತ್ತಾ ತಗ್ಗಿಸಿದರು. ಹೆಣದ ಮುಂದಿನ ಹಲಗೆಯ ಸದ್ದು ಓಣಿಗೆ ಬಂದು, ಮನೆ ದಾಟಿ, ಊರಾಚೆ ಕರಗುವುದನ್ನು ಕೇಳಿದ ನಮಗೆ ಇದರ ಅರ್ಥ ಹೇಳಿಕೊಡಬೇಕಿಲ್ಲ. ಇದು ತಪ್ಪು ಎನ್ನುವವರಿದ್ದಾರೆ. ಆದರೆ ಒಮ್ಮೆ ಕೇಳಿದವರು ಮರೆಯುವುದಿಲ್ಲ.

ಇನ್ನು ಆರ್ಥರ್ ರೂಬಿನ್‌ಸ್ಟೈನ್. ಶೊಪಾನನ ಮಜುರ್ಕಾ ಎಂಬ ಕುಣಿತದ ರಚನೆಗಳನ್ನು ಅವರು 1930ರ ದಶಕದ ಕೊನೆಯಲ್ಲಿ, 1950ರ ದಶಕದಲ್ಲಿ, 1960ರ ದಶಕದಲ್ಲಿ ಹೀಗೆ ಮೂರು ಸಲ ಧ್ವನಿಮುದ್ರಿಸಿದರು. ಮೊದಲನೆಯದೇ ಕಡೆಯ ಮಾತಾಗಿದ್ದರೆ ಉಳಿದೆರಡು ಯಾಕೆ ಬೇಕಿತ್ತು? ವಯಸ್ಸಿನೊಡನೆ ಕೈ ಮಾಗುತ್ತದೆ, ಅರ್ಥವೂ ಮಾಗುತ್ತದೆ.

ಈ ಕಥೆಗೆ ನಮ್ಮ ನಾಡಿನ ನಂಟೂ ಉಂಟು. ಚಿತ್ರದುರ್ಗ ಸೀಮೆ ಸೇರಿದ್ದ ಮೈಸೂರು ಸಂಸ್ಥಾನದ ಕೊನೆಯ ಅರಸರು ಜಯಚಾಮರಾಜ ಒಡೆಯರು. ಕರ್ನಾಟಕ ಸಂಗೀತದ ಕೃತಿಗಳನ್ನು ರಚಿಸಿದ ಅವರು ಪಿಯಾನೊವನ್ನೂ ಬಲ್ಲವರು. ಲಂಡನ್ನಿನಲ್ಲಿ ನೆಲೆಸಿದ್ದ, ಜಗತ್ತು ಮರೆಯತೊಡಗಿದ್ದ ರಷ್ಯದ ವಾಗ್ಗೇಯಕಾರ ನಿಕೊಲಾಯ್ ಮೆಟ್ನರ್ ಅವರ ರಚನೆಗಳಿಗೆ ಮಹಾರಾಜರು ಮನಸೋತರು. ಅವರ ಧನಸಹಾಯದಿಂದ ಮೆಟ್ನರ್ ತಮ್ಮ ರಚನೆಗಳನ್ನು ತಾವೇ ನುಡಿಸಿ ಮುದ್ರಿಸಿದರು. ಮೂರು ಕನ್ಸರ್ಟೊಗಳು 1947ರಲ್ಲಿ ಫಿಲ್‌ಹಾರ್ಮೋನಿಯಾ ವಾದ್ಯವೃಂದದೊಡನೆ ಮುದ್ರಣವಾದವು. ಮೂರನೆಯದು ಮಹಾರಾಜರಿಗೇ ಅರ್ಪಿತ. 1951ರಲ್ಲಿ ಮೆಟ್ನರ್ ತೀರಿಕೊಂಡರು. ಇನ್ನು ನಾಲ್ಕು ವರ್ಷ ತಡವಾಗಿದ್ದರೆ ಆ ಕೈಯ ನುಡಿತ ನಮಗೆ ಸಿಗುತ್ತಿರಲಿಲ್ಲ.

ರಚಿಸಿದವರೇ ನುಡಿಸಿದ ಮೇಲೆ ಬೇರೆಯವರಿಗೆ ಕೆಲಸವೇನು? ಆದರೂ ಜೆಫ್ರಿ ಟೋಜರ್, ನಿಕೊಲಾಯ್ ಡೆಮಿಡೆಂಕೊ ಮೊದಲಾದವರು ಅವೇ ಕನ್ಸರ್ಟೊಗಳನ್ನು ಮತ್ತೆ ಮುದ್ರಿಸಿದರು. ಮೆಟ್ನರ್ ತಟ್ಟೆ ಅವರಿಗೆ ಬೇಲಿಯಾಗಲಿಲ್ಲ, ದಾರಿದೀಪವಾಯಿತು.

ಇದರಿಂದ ನಾವು ಕಲಿಯಬೇಕಾದದ್ದಿದೆ. ಕ್ಯಾಸೆಟ್ಟು ಬಂದ ಮೇಲೆ, ಈಗ ಮೊಬೈಲ್ ಬಂದ ಮೇಲೆ, ಒಂದೇ ಧಾಟಿ ಎಲ್ಲ ಊರುಗಳನ್ನೂ ಆಳುತ್ತದೆ. ಅಜ್ಜ ಹಾಡುತ್ತಿದ್ದ ಧಾಟಿಯನ್ನು ಮೊಮ್ಮಗ 'ತಪ್ಪು' ಎನ್ನುತ್ತಾನೆ. ಅದು ತಪ್ಪಲ್ಲ, ಇನ್ನೊಂದು ಅರ್ಥ. ಅದನ್ನು ಉಳಿಸಲು ಇಂದು ಮಹಾರಾಜರ ಬೊಕ್ಕಸ ಬೇಕಿಲ್ಲ. ನಿಮ್ಮ ಜೇಬಿನಲ್ಲಿರುವ ಫೋನು ಸಾಕು. ಈ ವಾರ ನಿಮ್ಮ ಬೀದಿಯ ಹಿರಿಯರೊಬ್ಬರ ಬಳಿ ಕೂತು ಒಂದು ಪದ ಹಾಡಿಸಿ, ಮುದ್ರಿಸಿಕೊಳ್ಳಿ. ಆಮೇಲೆ ಅದೇ ಪದವನ್ನು ಇನ್ನೊಬ್ಬರಿಂದಲೂ ಹಾಡಿಸಿ. ಎರಡನ್ನೂ ಕೇಳಿದಾಗಲೇ ಪದ ಪೂರ್ತಿ ಕೇಳಿಸುತ್ತದೆ.