ಹಳೆಯ ಹಾಳೆಯ ಕತ್ತುಪಟ್ಟಿ



ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವ ಪಂಡಿತಳಿಗೂ ಕ್ರೋಷಾ ಕಡ್ಡಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಸಂಬಂಧವಿರುವುದು ಒಂದು ಶಬ್ದದಲ್ಲಿ. ‘ಸೂತ್ರ’ ಎಂದರೆ ವ್ಯಾಕರಣದ ನಿಯಮವೂ ಹೌದು, ನೂಲೂ ಹೌದು. ಮೊದಲನೆಯ ಬಗೆಯ ಸೂತ್ರವನ್ನು ಬಹಳ ವರ್ಷಗಳಿಂದ ಮಕ್ಕಳಿಗೆ ಬಿಡಿಸಿ ಹೇಳುತ್ತ ಬಂದಿರುವ ನಾನು, ಕಳೆದ ಬೇಸಗೆಯ ರಜೆಯಲ್ಲಿ ಎರಡನೆಯ ಬಗೆಯ ಸೂತ್ರದ ಮುಂದೆ ಸೋತೆ. ಆ ಸೋಲಿನ ಕಥೆಯನ್ನೂ, ಅದರಿಂದ ಕೊನೆಗೆ ಕೈಗೆ ಹತ್ತಿದ ಒಂದು ಕತ್ತುಪಟ್ಟಿಯ ಹೆಣಿಗೆಯನ್ನೂ ನಿಮ್ಮ ಮುಂದಿಡುತ್ತೇನೆ.

ನಮ್ಮ ತಾಯಿ ತೀರಿಕೊಂಡು ಮೂರು ವರ್ಷವಾಯಿತು. ಅವರದೊಂದು ಬಿಸ್ಕತ್ತಿನ ತಗಡಿನ ಡಬ್ಬಿ ನನ್ನ ಪಾಲಿಗೆ ಬಂದಿತ್ತು. ಅದರೊಳಗೆ ನಾಲ್ಕಾರು ಉಕ್ಕಿನ ಕಡ್ಡಿಗಳು, ಅಳಿದುಳಿದ ನೂಲಿನ ಉಂಡೆಗಳು, ನಾಲ್ಕು ಮಡಿಕೆ ಮಾಡಿದ ಒಂದು ಇಂಗ್ಲಿಷ್ ಹಾಳೆ. ಮಡಿಕೆಯ ಗೆರೆಗಳಲ್ಲಿ ಕಾಗದ ಸೀಳಿತ್ತು. ಮೇಲಿನ ಪುಟ ಹರಿದುಹೋಗಿತ್ತು. ಯಾರು ಅಚ್ಚು ಮಾಡಿದರು, ಯಾವ ದೇಶ, ಯಾವ ವರ್ಷ, ಒಂದೂ ತಿಳಿಯುವಂತಿರಲಿಲ್ಲ. ಉಳಿದದ್ದು ಒಂದು ಚಿತ್ರ ಮತ್ತು ಅದರ ಕೆಳಗೆ ಹೆಣೆಯುವ ಕ್ರಮ. ಚಿತ್ರದಲ್ಲಿದ್ದುದು ಪುಟ್ಟ ಹುಡುಗಿಯ ಫ್ರಾಕಿಗೆ ಹಾಕುವ ಕಾಲರು, ನಮ್ಮ ಮನೆಯ ಮಾತಿನಲ್ಲಿ ಕತ್ತುಪಟ್ಟಿ. ನಾನು ಆರು ವರ್ಷದವಳಿದ್ದಾಗ ತೆಗೆಸಿದ ಭಾವಚಿತ್ರದಲ್ಲಿ ನನ್ನ ಕತ್ತಿನ ಸುತ್ತ ಇರುವುದೂ ಅದೇ. ಆ ಭಾವಚಿತ್ರವನ್ನು ನೋಡಿದ ಮೊಮ್ಮಗಳು, ‘ಅಜ್ಜೀ, ನನಗೂ ಇದೇ ಬೇಕು’ ಎಂದಳು. ಅವಳ ಹುಟ್ಟುಹಬ್ಬಕ್ಕೆ ಇನ್ನೂ ಮೂರು ವಾರವಿತ್ತು. ಆಗಲಿ ಎಂದು ಒಪ್ಪಿಕೊಂಡೆ.

ಅಮ್ಮ ಓದಿದ್ದು ಕನ್ನಡ ನಾಲ್ಕನೆಯ ತರಗತಿಯವರೆಗೆ. ಇಂಗ್ಲಿಷ್ ಅವರಿಗೆ ಬಾರದು. ನಾನು ಪಂಡಿತ ಪರೀಕ್ಷೆಗೆ ಓದುತ್ತಿದ್ದ ದಿನಗಳಲ್ಲಿ ಒಮ್ಮೆ, ‘ಆ ಕಡ್ಡಿ ಆಡಿಸುವ ಹೊತ್ತಿನಲ್ಲಿ ನಾಲ್ಕಕ್ಷರ ಇಂಗ್ಲಿಷ್ ಕಲಿಯಬಾರದೇನಮ್ಮ?’ ಎಂದಿದ್ದೆ. ಅವರು ಕಣ್ಣೆತ್ತದೆ, ‘ನೀನು ಕಲಿತಿದ್ದೀಯಲ್ಲ, ಸಾಕು’ ಎಂದಿದ್ದರು. ಈಗ ಆ ಹಾಳೆಯನ್ನು ಬಿಡಿಸಿ ಕುಳಿತಾಗ ನನಗೆ ಆ ಮಾತು ನೆನಪಿಗೆ ಬಂದು, ನಿಜ ಹೇಳುತ್ತೇನೆ, ಸ್ವಲ್ಪ ಹೆಮ್ಮೆಯೇ ಆಯಿತು. ಅವರು ಚಿತ್ರ ನೋಡಿ ಊಹಿಸಿ ಹೆಣೆದದ್ದನ್ನು ನಾನು ಓದಿ ಹೆಣೆಯುವೆನಲ್ಲ!

ಹೆಣಿಗೆಯ ಕ್ರಮವನ್ನು ಬರೆಯುವ ಭಾಷೆ ಬಹಳ ಬಿಗಿಯಾದದ್ದು. ಪಾಣಿನಿ ‘ಅಚ್’ ಎಂಬ ಒಂದೇ ಸಂಜ್ಞೆಯಲ್ಲಿ ಸ್ವರಗಳನ್ನೆಲ್ಲ ಹಿಡಿದಿಟ್ಟನಲ್ಲವೆ? ಹಾಗೆ ಇಲ್ಲಿ ‘ಸಿ.ಎಚ್.’ ಎಂದರೆ ಸರಪಳಿ, ‘ಡಿ.ಸಿ.’ ಎಂದರೆ ಡಬಲ್ ಕ್ರೋಷಾ. ಕ್ರೋಷಾ ಎಂಬುದು ಫ್ರೆಂಚ್ ಮಾತು. ಸಣ್ಣ ಕೊಕ್ಕೆ ಎಂದು ಅರ್ಥ. ಈ ಹೆಣಿಗೆಯ ಮಾದರಿಗಳು 1840ರ ದಶಕದಲ್ಲಿ ಪುಸ್ತಕರೂಪದಲ್ಲಿ ಅಚ್ಚಾಗತೊಡಗಿದವು. ಆ ಕಾಲದಲ್ಲಿ ಇಂಥ ಪುಸ್ತಕಗಳನ್ನು ಬರೆದು ಹೆಸರಾದವರು ರೀಗೋ ಡಿ ಲಾ ಬ್ರಾಂಶಾರ್ಡಿಯೇರ್ ಎಂಬ ಮಹಿಳೆ. ಕೈಯಿಂದ ಕೈಗೆ ನೋಡಿ ಕಲಿಯುತ್ತಿದ್ದ ವಿದ್ಯೆ ಹೀಗೆ ಓದಿ ಕಲಿಯುವ ವಿದ್ಯೆಯೂ ಆಯಿತು.

ನಾನು ಓದಿದೆ. ‘ಡಿ.ಸಿ.’ ಎಂದರೆ ಯಾವುದು ಎಂದು ನಿಘಂಟಿನಂಥ ಒಂದು ಬ್ರಿಟಿಷ್ ಹೊಲಿಗೆಯ ಪುಸ್ತಕದಲ್ಲಿ ನೋಡಿಕೊಂಡೆ. ಹೆಣೆಯುತ್ತ ಹೋದೆ. ಮೊದಲ ಸಾಲು ಸರಿಯಾಗಿಯೇ ಇತ್ತು. ಮೂರನೆಯ ಸಾಲಿನ ಹೊತ್ತಿಗೆ ಅಂಚು ಅಲೆಅಲೆಯಾಗಿ ಎದ್ದಿತು. ಐದನೆಯ ಸಾಲಿಗೆ ಅದು ಎಣ್ಣೆಗೆ ಬಿಟ್ಟ ಹಪ್ಪಳದಂತೆ ಸುರುಟಿಕೊಂಡು, ಅಗಲ ಮಾತ್ರ ಒಂದು ಬೆರಳನ್ನೂ ದಾಟದೆ ನಿಂತಿತು. ಬಿಚ್ಚಿದೆ. ಮತ್ತೆ ಹೆಣೆದೆ. ಮತ್ತೆ ಹಪ್ಪಳ. ಓಲೆಗರಿಯಲ್ಲಿ ಅರ್ಥವಾಗದ ಮಾತು ಬಂದರೆ ಅವಸರದ ಸಂಪಾದಕ ಏನು ಮಾಡುತ್ತಾನೋ ನಾನೂ ಅದನ್ನೇ ಮಾಡಿದೆ: ‘ಇದು ಲಿಪಿಕಾರನ ತಪ್ಪು’ ಎಂದೆ. ಅಚ್ಚಿನ ದೋಷವಿರಬೇಕು ಎಂದು ಹಾಳೆಯ ಮೇಲೆ ಅಪವಾದ ಹೊರಿಸಿದೆ. ಹುಟ್ಟುಹಬ್ಬಕ್ಕೆ ಒಂಬತ್ತು ದಿನ ಉಳಿದಿತ್ತು.

ಕಡ್ಡಿ ದಪ್ಪವಾಯಿತೇನೋ ಎಂಬ ಅನುಮಾನದಿಂದ, ಇನ್ನೂ ಸಣ್ಣದು ಸಿಕ್ಕೀತೆಂದು ಡಬ್ಬಿಯನ್ನು ತಲೆಕೆಳಗು ಮಾಡಿದೆ. ತಳಕ್ಕೆ ಹಾಸಿದ್ದ ಕಾಗದ ಕಳಚಿ ಬಿತ್ತು. ಅದರ ಕೆಳಗೆ, ತುಕ್ಕು ಹಿಡಿದ ಪಿನ್ನು ಚುಚ್ಚಿದ, ಎರಡು ಬೆರಳಗಲದ ಒಂದು ಹೆಣಿಗೆಯ ತುಣುಕು. ಅಮ್ಮ ಕತ್ತುಪಟ್ಟಿಗೆ ಕೈಹಾಕುವ ಮೊದಲು ಪರೀಕ್ಷೆಗೆಂದು ಹೆಣೆದದ್ದು. ಅದನ್ನು ನನ್ನ ಹೆಣಿಗೆಯ ಪಕ್ಕದಲ್ಲಿಟ್ಟು ನೋಡಿದೆ. ನನ್ನ ಹೆಣಿಗೆ ಮೊಣಕಾಲೂರಿ ಕುಳಿತಿತ್ತು. ಅವರದು ಎದ್ದು ನಿಂತಿತ್ತು. ಅವರ ಒಂದು ಸಾಲು ನನ್ನ ಎರಡು ಸಾಲಿನಷ್ಟು ಎತ್ತರ. ಹಾಳೆಯ ಚಿತ್ರವನ್ನು ಬೆಳಕಿಗೆ ಹಿಡಿದೆ. ಸಾಲು ಸಾಲಿನ ಪಕ್ಕದಲ್ಲಿ ಪೆನ್ಸಿಲಿನ ಸಣ್ಣ ಗೆರೆಗಳಿದ್ದವು. ಅಮ್ಮ ಚಿತ್ರದಲ್ಲಿ ಕಾಣುವ ಹೆಣಿಗೆಗಳನ್ನು ಒಂದೊಂದಾಗಿ ಎಣಿಸಿದ್ದರು.

ಆಗ ನಾನು ಪುನಃ ಹಾಳೆಯನ್ನು ಓದಿದೆ, ಈ ಸಲ ಪಂಡಿತರು ನಮಗೆ ಕಲಿಸಿದ ರೀತಿಯಲ್ಲಿ. ಹೆಸರೂ ಕಾಲವೂ ತಿಳಿಯದ ಕಾವ್ಯ ಕೈಗೆ ಬಂದರೆ ಏನು ಮಾಡುತ್ತೇವೆ? ಒಳಗಿನ ಸಾಕ್ಷ್ಯವನ್ನು ಹುಡುಕುತ್ತೇವೆ. ಹುಡುಕಿದರೆ ಎಲ್ಲವೂ ಕಣ್ಣೆದುರಿಗೇ ಇತ್ತು. ಹೆಣಿಗೆಯ ಅಳತೆಗೆ ಬ್ರಿಟಿಷರು ‘ಟೆನ್ಷನ್’ ಎನ್ನುತ್ತಾರೆ. ಇಲ್ಲಿ ‘ಗೇಜ್’ ಎಂದಿತ್ತು. ಒಂದು ಹೆಣಿಗೆಯನ್ನು ಬಿಟ್ಟು ಮುಂದೆ ಹೋಗು ಎನ್ನಲು ಅವರು ‘ಮಿಸ್’ ಎನ್ನುತ್ತಾರೆ. ಇಲ್ಲಿ ‘ಸ್ಕಿಪ್’ ಎಂದಿತ್ತು. ಬಣ್ಣ ಎಂಬ ಅರ್ಥದ ಇಂಗ್ಲಿಷ್ ಮಾತಿನಲ್ಲಿ ‘ಯು’ ಅಕ್ಷರವಿರಲಿಲ್ಲ. ಹಾಳೆ ಅಮೆರಿಕದ್ದು!

ಅಟ್ಲಾಂಟಿಕ್ ಸಾಗರದ ಎರಡು ದಡಗಳಲ್ಲಿ ಕ್ರೋಷಾದ ಹೆಣಿಗೆಗಳು ಒಂದೇ, ಹೆಸರು ಬೇರೆ. ಅಮೆರಿಕದವರ ‘ಸಿಂಗಲ್’ ಬ್ರಿಟಿಷರಿಗೆ ‘ಡಬಲ್’. ಅಮೆರಿಕದವರ ‘ಡಬಲ್’ ಬ್ರಿಟಿಷರಿಗೆ ‘ಟ್ರೆಬಲ್’. ಹೀಗೆ ಒಂದೊಂದು ಮೆಟ್ಟಿಲು ಜಾರುತ್ತ ಹೋಗುತ್ತದೆ. ‘ಅವಸರ’ ಎಂದರೆ ಹಳೆಯ ಕವಿಗೆ ಸಮಯ, ಸಂದರ್ಭ, ನಮಗೆ ಆತುರ. ಶಬ್ದ ಒಂದೇ ಎಂದು ನಂಬಿ ಅರ್ಥ ಮಾಡಹೊರಟರೆ ಎಡವುತ್ತೇವೆ. ತರಗತಿಯಲ್ಲಿ ಇದನ್ನು ಎಷ್ಟು ಸಲ ಹೇಳಿದ್ದೇನೆ! ಹಾಳೆಯಲ್ಲಿ ಇನ್ನೊಂದು ಸುಳಿವೂ ಇತ್ತು. ಪ್ರತಿ ಸಾಲು ತಿರುಗುವಾಗ ಮೂರು ಸರಪಳಿ ಹಾಕು ಎಂದು ಅದು ಹೇಳುತ್ತಿತ್ತು. ಗಿಡ್ಡ ಹೆಣಿಗೆಯ ಎತ್ತರಕ್ಕೆ ಒಂದು ಸರಪಳಿ ಸಾಕು; ಮೂರು ಬೇಕಾಗುವುದು ಎತ್ತರದ ಹೆಣಿಗೆಗೆ. ಹಾಳೆಯ ಮೇಲ್ಪುಟ ಹರಿದಿದ್ದರೂ, ಇಂಗ್ಲಿಷಿನ ಮರ್ಮ ತಿಳಿಯದಿದ್ದರೂ, ಇದೊಂದರಿಂದಲೇ ಅರ್ಥ ನಿರ್ಣಯವಾಗುತ್ತಿತ್ತು.

ಹಾಗಾದರೆ ಅಲೆಗಳೇಕೆ ಎದ್ದವು? ಕತ್ತುಪಟ್ಟಿ ಚಕ್ರದ ಒಂದು ಭಾಗವಲ್ಲವೆ? ಹೊರಹೊರಗೆ ಹೋದಂತೆ ಸುತ್ತಳತೆ ಹೆಚ್ಚಬೇಕು. ಎತ್ತರದ ಹೆಣಿಗೆಯಾದರೆ ಸಾಲಿಗೆ ಸುಮಾರು 12 ಹೆಣಿಗೆ ಹೆಚ್ಚಿಸಿದರೆ ಪಟ್ಟಿ ಸಮನಾಗಿ ಮಲಗುತ್ತದೆ. ಗಿಡ್ಡ ಹೆಣಿಗೆಗೆ ಸುಮಾರು 6 ಸಾಕು. ನಾನು ಗಿಡ್ಡ ಹೆಣಿಗೆಗೆ 12 ಹೆಚ್ಚಿಸುತ್ತಿದ್ದೆ. ಅರ್ಧ ಎತ್ತರ, ಎರಡರಷ್ಟು ಹಿಗ್ಗು: ಹಪ್ಪಳವಾಗದೆ ಇನ್ನೇನಾದೀತು?

ಇನ್ನು ಹೆಣೆಯುವ ಕ್ರಮ. ಸುತ್ತಳತೆ 12 ಅಂಗುಲದ ಕತ್ತಿಗೆ 20ನೆಯ ನಂಬರಿನ ಹತ್ತಿ ನೂಲಿನ ಒಂದು ಉಂಡೆ, 1.25 ಮಿಲಿಮೀಟರಿನ ಕಡ್ಡಿ ಸಾಕು. ನೂಲಿನ ನಂಬರು ಹೆಚ್ಚಿದಷ್ಟೂ ಎಳೆ ಸಣ್ಣದಾಗುತ್ತದೆ ಎಂಬುದನ್ನು ಅಂಗಡಿಯಲ್ಲಿ ಮರೆಯಬೇಡಿ. ಹೆಣಿಗೆಗಳು ಮೂರೇ. ಕಡ್ಡಿಯ ಮೇಲಿನ ಕುಣಿಕೆಯೊಳಗಿಂದ ನೂಲನ್ನು ಎಳೆದರೆ ಸರಪಳಿ. ಕಡ್ಡಿ ಚುಚ್ಚಿ ನೂಲೆಳೆದು, ಕಡ್ಡಿಯ ಮೇಲಾದ ಎರಡು ಕುಣಿಕೆಗಳನ್ನು ಒಟ್ಟಿಗೆ ದಾಟಿಸಿದರೆ ಗಿಡ್ಡ ಹೆಣಿಗೆ. ಮೊದಲೇ ನೂಲನ್ನು ಕಡ್ಡಿಗೆ ಒಂದು ಸುತ್ತು ಹಾಕಿಕೊಂಡು ಚುಚ್ಚಿ ಎಳೆದು, ಆದ ಮೂರು ಕುಣಿಕೆಗಳನ್ನು ಎರಡೆರಡಾಗಿ ಎರಡು ಸಲ ದಾಟಿಸಿದರೆ ಎತ್ತರದ ಹೆಣಿಗೆ. ಇದನ್ನು ನಾನು ‘ಕಂಬ’ ಎಂದು ಕರೆಯುತ್ತೇನೆ. ಕಂಬವೆಂದರೆ ಬ್ರಿಟನ್ನಿಗೂ ಕಂಬ, ಅಮೆರಿಕಕ್ಕೂ ಕಂಬ, ಗೊಂದಲವಿಲ್ಲ.

ಮೊದಲು ಎರಡಂಗುಲದ ತುಣುಕೊಂದನ್ನು ಹೆಣೆದು ಅಳೆಯಿರಿ. ಅಂಗುಲಕ್ಕೆ 10 ಕಂಬ ಬರಬೇಕು. ಹೆಚ್ಚು ಬಂದರೆ ದಪ್ಪ ಕಡ್ಡಿ, ಕಡಿಮೆ ಬಂದರೆ ಸಣ್ಣ ಕಡ್ಡಿ ತೆಗೆದುಕೊಳ್ಳಿ. ಬಳಿಕ 122 ಸರಪಳಿ ಹಾಕಿ. ಕಡ್ಡಿಯಿಂದ ನಾಲ್ಕನೆಯ ಸರಪಳಿಗೆ ಮೊದಲ ಕಂಬ. ಅಲ್ಲಿಂದ ಪ್ರತಿ ಸರಪಳಿಗೆ ಒಂದೊಂದು. ಬಿಟ್ಟ ಮೂರು ಸರಪಳಿ ಒಂದು ಕಂಬದ ಲೆಕ್ಕ. ಒಟ್ಟು 120. ಇದು ಮೊದಲ ಸಾಲು. ಮುಂದೆ ಪ್ರತಿ ಸಾಲಿನ ಆರಂಭದಲ್ಲಿ ಮೂರು ಸರಪಳಿ ಹಾಕಿ ತಿರುಗಿ. ಅದೂ ಒಂದು ಕಂಬದ ಲೆಕ್ಕವೇ. ಎರಡನೆಯ ಸಾಲಿನಲ್ಲಿ ಪ್ರತಿ 10ನೆಯ ಕಂಬದ ತಲೆಗೆ ಒಂದರ ಬದಲು ಎರಡು ಕಂಬ: 132 ಆಗುತ್ತದೆ. ಮೂರನೆಯದರಲ್ಲಿ ಪ್ರತಿ 11ನೆಯದಕ್ಕೆ ಎರಡು: 144. ನಾಲ್ಕನೆಯದರಲ್ಲಿ 12ನೆಯದಕ್ಕೆ: 156. ಐದನೆಯದರಲ್ಲಿ 13ನೆಯದಕ್ಕೆ: 168. ಆರನೆಯದರಲ್ಲಿ 14ನೆಯದಕ್ಕೆ: 180. ಸಾಲಿನ ಕೊನೆಯ ಕಂಬ ಹಿಂದಿನ ಸಾಲಿನ ಮೂರು ಸರಪಳಿಯ ತಲೆಗೆ ಬೀಳಬೇಕು. ಅದನ್ನು ಮರೆತರೆ ಲೆಕ್ಕ ತಪ್ಪುತ್ತದೆ.

ಅಂಚಿಗೆ ಚಿಪ್ಪುಗಳು. ಒಂದು ಸರಪಳಿ ಹಾಕಿ ತಿರುಗಿ, ಮೊದಲ ಕಂಬದ ತಲೆಗೆ ಒಂದು ಗಿಡ್ಡ ಹೆಣಿಗೆ. ಎರಡು ಬಿಟ್ಟು ಮುಂದಿನದಕ್ಕೆ ಐದು ಕಂಬ ಒಟ್ಟಿಗೆ. ಎರಡು ಬಿಟ್ಟು ಮತ್ತೆ ಗಿಡ್ಡ ಹೆಣಿಗೆ. ಹೀಗೆಯೇ ಕೊನೆಯವರೆಗೆ, ಕೊನೆಯ ಚಿಪ್ಪಿನ ನಂತರ ಮಾತ್ರ ಒಂದೇ ಬಿಟ್ಟು ಗಿಡ್ಡ ಹೆಣಿಗೆಯಿಂದ ಮುಗಿಸಿ. 30 ಚಿಪ್ಪುಗಳಾಗುತ್ತವೆ. ಕತ್ತಿನ ಕಡೆಯ ಎರಡು ತುದಿಗಳಿಗೆ ಉದ್ದನೆಯ ಸರಪಳಿ ಹೆಣೆದು ದಾರದಂತೆ ಕಟ್ಟಿಕೊಳ್ಳಬಹುದು. ತೊಳೆದು, ಒದ್ದೆಯಿರುವಾಗಲೇ ಬಿಳಿಯ ಬಟ್ಟೆಯ ಮೇಲೆ ಚಿಪ್ಪು ಚಿಪ್ಪಿಗೂ ಪಿನ್ನು ಚುಚ್ಚಿ ಹರಡಿ ಒಣಗಿಸಿ. ಸ್ವಲ್ಪ ಗಂಜಿ ಹಾಕಿದರೆ ಇನ್ನೂ ಚೆಂದ.

ಇದನ್ನೆಲ್ಲ ಹೆಂಗಸರ ಹೊತ್ತುಗಳೆಯುವ ಕೆಲಸವೆಂದು ಹೇಳುವವರಿದ್ದಾರೆ. ಒಂದು ಕಾಲಕ್ಕೆ ನಾನೂ ಹೇಳಿದವಳೇ. 1845ರಿಂದ ಐರ್ಲೆಂಡಿನಲ್ಲಿ ಆಲೂಗೆಡ್ಡೆಯ ಬೆಳೆಗೆ ರೋಗ ತಗುಲಿ ಭೀಕರ ಕ್ಷಾಮ ಬಂದಾಗ, ಕಾರ್ಕ್, ಕ್ಲೋನ್ಸ್ ಮೊದಲಾದ ಊರುಗಳಲ್ಲಿ ಎಷ್ಟೋ ಸಂಸಾರಗಳು ಹೊಟ್ಟೆ ಹೊರೆದದ್ದು ಹೆಣ್ಣುಮಕ್ಕಳು ಹೆಣೆದ ಇಂಥ ಅಂಚು, ಕಾಲರುಗಳಿಂದ. ನಮ್ಮ ನೆರೆಯ ಆಂಧ್ರದ ಗೋದಾವರಿ ತೀರದಲ್ಲಿ, ನರಸಾಪುರದ ಸುತ್ತಿನ ಹಳ್ಳಿಗಳಲ್ಲಿ, ಪಾದ್ರಿಗಳ ಕಾಲದಿಂದ ಸಾವಿರಾರು ಮಹಿಳೆಯರು ಪರದೇಶಗಳ ಪೇಟೆಗೆ ಹೆಣೆಯುತ್ತ ಬಂದಿದ್ದಾರೆ. ಅವರ ದುಡಿಮೆಯನ್ನು ಕುರಿತು ಜರ್ಮನಿಯ ಮರಿಯಾ ಮೀಸ್ ಎಂಬ ವಿದುಷಿ 1982ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರು. ಮನೆಯಲ್ಲಿ ಕುಳಿತು ಮಾಡುವ ಕೆಲಸವೆಂಬ ಕಾರಣಕ್ಕೆ ಅದನ್ನು ಬಿಡುವಿನ ವೇಳೆಯ ಕೆಲಸವೆಂದು ಎಣಿಸಿ ಕೂಲಿ ಕಡಿಮೆ ಕೊಡುತ್ತಿದ್ದುದನ್ನು ಅವರು ತೋರಿಸಿಕೊಟ್ಟರು. ಅಷ್ಟು ದೂರ ಹೋಗುವುದೇಕೆ? ನೆರೆಹೊರೆಯವರಿಗೆ ಮೇಜಿನ ಬಟ್ಟೆ, ತಟ್ಟೆಯ ಮುಸುಕುಗಳನ್ನು ಹೆಣೆದು ಕೊಟ್ಟು ಬಂದ ಹಣವನ್ನು ಅಮ್ಮ ಅದೇ ಬಿಸ್ಕತ್ತಿನ ಡಬ್ಬಿಯಲ್ಲಿ ಇಡುತ್ತಿದ್ದರು. ನನ್ನ ಪಂಡಿತ ಪರೀಕ್ಷೆಯ ಶುಲ್ಕ ಕಟ್ಟಿದ್ದು ಅದರಿಂದ. ಇಂಗ್ಲಿಷ್ ಕಲಿಯಬಾರದೇ ಎಂದು ನಾನು ಕೇಳಿದ್ದು ಶುಲ್ಕ ಕಟ್ಟಿಬಂದ ಮೇಲೆ.

ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಸೂತ್ರ ಹೇಳಿ ಸುಮ್ಮನಾಗಲಿಲ್ಲ. ವೃತ್ತಿಯನ್ನು ಬರೆದ, ಕವಿಗಳ ಪ್ರಯೋಗಗಳನ್ನು ಎತ್ತಿ ತೋರಿಸಿದ. ಪ್ರಯೋಗವನ್ನು ಕಾಣದೆ ಸೂತ್ರವನ್ನು ಅರ್ಥಮಾಡಬಾರದೆಂದು ನಾನು ಮಕ್ಕಳಿಗೆ ಕಲಿಸುತ್ತೇನೆ. ನನ್ನ ಕೈಯಲ್ಲಿ ಸೂತ್ರ ಮಾತ್ರವಿತ್ತು. ಪ್ರಯೋಗವನ್ನು ಅಮ್ಮ ಪಿನ್ನು ಚುಚ್ಚಿ ಕೆಳಗಿಟ್ಟು ಹೋಗಿದ್ದರು. ಆದ್ದರಿಂದ ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಹಳೆಯ ಮಾದರಿಯ ಹಾಳೆ ಇದ್ದರೆ ನನ್ನ ಬಿನ್ನಹ ಇಷ್ಟೇ: ಅದು ಯಾವ ದೇಶದ್ದೆಂದು ಮೊದಲು ಗೊತ್ತುಮಾಡಿಕೊಳ್ಳಿ, ತಿರುಗುವ ಸರಪಳಿಗಳನ್ನು ಎಣಿಸಿ, ತುಣುಕು ಹೆಣೆದು ನೋಡಿ. ಮನೆಯಲ್ಲಿ ಹೆಣೆಯಬಲ್ಲ ಹಿರಿಯರಿದ್ದರೆ ಹಾಳೆಯನ್ನು ಬಿಡಿಸುವ ಮೊದಲು ಅವರ ಪಕ್ಕದಲ್ಲಿ ಹೋಗಿ ಕುಳಿತುಕೊಳ್ಳಿ.

ಕತ್ತುಪಟ್ಟಿ ಹುಟ್ಟುಹಬ್ಬದ ಹಿಂದಿನ ರಾತ್ರಿ ಮುಗಿಯಿತು. ಮೊಮ್ಮಗಳು ಅದನ್ನು ಹಾಕಿಕೊಂಡು ಕನ್ನಡಿಯ ಮುಂದೆ ನಿಂತು, ಚಿಪ್ಪುಗಳನ್ನು ಬೆರಳಿಟ್ಟು ಎಣಿಸಿದಳು. ಇಪ್ಪತ್ತೊಂಬತ್ತು ಎಂದಳು. ಮತ್ತೊಮ್ಮೆ ಎಣಿಸು ಎಂದೆ. ಮಾದರಿಯ ಹಾಳೆಯೊಂದಿಗೆ ಈಗ ಡಬ್ಬಿಯಲ್ಲಿ ಎರಡು ತುಣುಕುಗಳಿವೆ, ಅಮ್ಮನದೊಂದು, ನನ್ನದೊಂದು. ಮುಂದೆ ಅದನ್ನು ತೆರೆಯುವವರು ಹುಡುಕಾಡದಂತೆ, ಎರಡನ್ನೂ ಹಾಳೆಗೇ ಸೇರಿಸಿ ಹೊಲಿದಿಟ್ಟಿದ್ದೇನೆ.