ಕಂಪನಿಯ ನಿರ್ದೇಶಕ ಮಂಡಳಿಯಲ್ಲಿ ಮಹಿಳೆ



ನಾನು ಕಂಪನಿ ಸೆಕ್ರೆಟರಿ. ನಿರ್ದೇಶಕರ ಸಭೆಯ ನಡಾವಳಿ ಬರೆಯುವವಳು. ಹಾಗಾಗಿ ಯಾರು ಮಾತನಾಡಿದರು, ಯಾರು ಸುಮ್ಮನೆ ಸಹಿ ಹಾಕಿದರು ಎಂಬುದು ನನಗೆ ಗೊತ್ತಾಗುತ್ತದೆ.

ಷೇರುಪೇಟೆಯಲ್ಲಿರುವ ಪ್ರತಿ ಕಂಪನಿಯಲ್ಲೂ ಒಬ್ಬ ಮಹಿಳಾ ನಿರ್ದೇಶಕರಾದರೂ ಇರಬೇಕೆಂದು 2013ರ ಕಂಪನಿ ಕಾಯ್ದೆ ಹೇಳಿತು. ಅನೇಕ ಕಡೆ ಮಾಲೀಕರ ಹೆಂಡತಿಯೋ ಮಗಳೋ ಬಂದು ಕುಳಿತರು. ಪಂಚಾಯಿತಿ ಅಧ್ಯಕ್ಷೆಯ ಬದಲು ಗಂಡ ಮಾತನಾಡುವುದನ್ನು ನೋಡಿದ ನಮಗೆ ಇದೇನೂ ಹೊಸದಲ್ಲ ಬಿಡಿ. ಆಮೇಲೆ ಷೇರುಪೇಟೆಯ ನಿಯಂತ್ರಕ ಸೆಬಿ ನಿಯಮ ಬಿಗಿ ಮಾಡಿತು. ಮೊದಲ 500 ದೊಡ್ಡ ಕಂಪನಿಗಳಲ್ಲಿ 2019ರ ಏಪ್ರಿಲ್‌ನಿಂದ, 1000 ಕಂಪನಿಗಳಲ್ಲಿ 2020ರ ಏಪ್ರಿಲ್‌ನಿಂದ, ಮಾಲೀಕರ ನೆಂಟರಲ್ಲದ ಸ್ವತಂತ್ರ ನಿರ್ದೇಶಕಿ ಕಡ್ಡಾಯ.

ಇದರ ವ್ಯತ್ಯಾಸವನ್ನು ಕಣ್ಣಾರೆ ಕಂಡಿದ್ದೇನೆ. ಕಂಪನಿಯ ಹೆಸರು ಬೇಡ. ಮಾಲೀಕರ ಸಂಬಂಧಿಯ ಜಮೀನನ್ನು ಕಂಪನಿ ಕೊಳ್ಳುವ ವಿಷಯ ಸಭೆಗೆ ಬಂತು. ಹೊಸದಾಗಿ ಬಂದಿದ್ದ ನಿರ್ದೇಶಕಿ ಕೇಳಿದರು: "ಈ ದರ ಗೊತ್ತು ಮಾಡಿದವರು ಯಾರು? ಪಕ್ಕದ ಜಮೀನು ಎಷ್ಟಕ್ಕೆ ಹೋಯಿತು?" ಸಭೆಯೇ ಗಪ್‌ಚುಪ್. ಸ್ವಲ್ಪ ಹೊತ್ತಿಗೆ, ಅಲ್ಲಿಯವರೆಗೂ ತಲೆಯಾಡಿಸುತ್ತಿದ್ದ ಇಬ್ಬರು ಹಿರಿಯರು, "ನಮಗೂ ಅದೇ ಅನುಮಾನವಿತ್ತು" ಎಂದರು! ವಿಷಯ ಮುಂದಕ್ಕೆ ಹೋಯಿತು. ಹೊರಗಿನವರಿಂದ ಬೆಲೆ ಕಟ್ಟಿಸಿ ತಂದಾಗ ದರ ಇಳಿದಿತ್ತು.

ಹೆಂಗಸಾದ್ದರಿಂದಲೇ ಕೇಳಿದರು ಎನ್ನಲಾರೆ. ಕಾಗದಪತ್ರ ಓದಿಕೊಂಡು ಬಂದಿದ್ದರು, ಯಾರ ಹಂಗೂ ಇರಲಿಲ್ಲ. ಆದರೆ ಆ ನಿಯಮ ಇಲ್ಲದಿದ್ದರೆ ಅವರನ್ನು ಅಲ್ಲಿಗೆ ಯಾರೂ ಕರೆಯುತ್ತಿರಲಿಲ್ಲ.

ಮೊದಲ ದಿನದ ಸಭೆ ಮುಗಿದಾಗ ನನ್ನ ಬಳಿ ಬಂದು, "ನನ್ನ ಪ್ರಶ್ನೆಗಳನ್ನು ಪೂರ್ತಿ ಬರೆಯಮ್ಮ, ಚುಟುಕು ಮಾಡಬೇಡ" ಎಂದರು. ಬರೆದೆ.